ಸಮನ್ವಯವೂ ನಿರ್ಣಯವೂ

ಪರಸ್ಪರ ವಿರುದ್ಧವಾದ ಎರಡು ಪಕ್ಷಗಳಲ್ಲಿಯೂ ಸತ್ಯದ ಅಂಶವುಂಟೆಂದು ಕಂಡವನು ಯಾವುದಾದರೊಂದನ್ನು ಹಿಡಿದು ನಿಲ್ಲಬೇಕೇ, ಅಥವಾ ಎರಡನ್ನೂ ಹೊಂದಿಸಿಕೊಂಡು ನಡೆಯಬೇಕೇ ಎಂಬ ಪ್ರಶ್ನೆಯು ಪುರಾತನವಾದುದು. ಹೊಂದಿಸುವವನನ್ನು ಲೋಕವು ಒಮ್ಮೆ ಉದಾರಿಯೆಂದು ಕೊಂಡಾಡುವದು. ಮತ್ತೊಮ್ಮೆ ಪುಕ್ಕನೆಂದು ಹಳಿಯುವದು. ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರ ಜೀವನದಲ್ಲಿ ಈ ಪ್ರಶ್ನೆಗೆ ಉತ್ತರವಲ್ಲದಿದ್ದರೂ ವಿಚಾರಾರ್ಹವಾದ ದೃಷ್ಟಾಂತವೊಂದು ದೊರೆಯುವದು.

ಈ ಸೀಮೆಯಲ್ಲಿ ಎರಡೂ ಬಗೆಯ ಪುರುಷರು ಆಗಿಹೋಗಿರುವರು. ಶಿಗ್ಗಾಂವಿ ತಾಲೂಕಿನ ಶಿಶುವಿನಾಳದ ಶರೀಫರು ಮುಸಲ್ಮಾನ ಮನೆಯಲ್ಲಿ ಹುಟ್ಟಿ ಗೋವಿಂದಭಟ್ಟರ ಶಿಷ್ಯರಾದರು. ಹಿರೇಕೆರೂರ ತಾಲೂಕಿನ ಅಬ್ಬಲೂರಿನ ಶಾಸನದಲ್ಲಾದರೋ, ಏಕಾಂತದ ರಾಮಯ್ಯನು ಜೈನರೊಡನೆ ಪಣತೊಟ್ಟು ತನ್ನ ಶಿರಸ್ಸನ್ನೇ ಅರಿದುಕೊಂಡು ಮರಳಿ ಪಡೆದ ವೃತ್ತಾಂತವಿದೆ. ಅಲ್ಲಿ ಹೊಂದಾಣಿಕೆಯ ಮಾತಿಗೆ ಎಡೆಯೇ ಇಲ್ಲ. ಇಬ್ಬರನ್ನೂ ಜನರು ಭಕ್ತಿಯಿಂದ ನೆನೆಯುವರು. ಈ ಎರಡು ಭಕ್ತಿಗಳು ಒಂದೇ ಮನಸ್ಸಿನಲ್ಲಿ ಹೇಗೆ ಕೂಡಿರುವವೆಂದು ಕೇಳುವವರು ವಿರಳ.

ಗೋಕಾಕರು ಹುಟ್ಟಿದ್ದು 1909ನೆಯ ಇಸವಿಯಲ್ಲಿ. ಆಗ ಸವಣೂರು ನವಾಬರ ಸಂಸ್ಥಾನ. ಆಫ್ರಿಕಾ ಖಂಡದ ಜಾತಿಯ ಮಹಾವೃಕ್ಷಗಳು ಆ ಊರಿನಲ್ಲಿ ಬೇರುಬಿಟ್ಟು ದೊಡ್ಡ ಹುಣಸೆಯೆಂಬ ಹೆಸರು ಪಡೆದಿವೆ. ಹುಣಸೆಯಲ್ಲದ ಮರವನ್ನು ಹುಣಸೆಯೆಂದು ಕರೆದು ತನ್ನದಾಗಿ ಮಾಡಿಕೊಂಡ ಊರು ಅದು. ಧಾರವಾಡದಲ್ಲಿ ಅವರಿಗೆ ಬೇಂದ್ರೆಯವರ ಸಹವಾಸವಾಯಿತು. ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿ 1938ರಲ್ಲಿ ಮರಳಿದ ಮೇಲೆ ಅವರು ನಾನಾ ಕಾಲೇಜುಗಳಲ್ಲಿ ಇಂಗ್ಲಿಷ್ ಬೋಧಿಸಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಅನ್ನ ಕೊಟ್ಟದ್ದು ಇಂಗ್ಲಿಷು. 'ವಿನಾಯಕ'ನೆಂಬ ಹೆಸರಿನಿಂದ ಬರೆದದ್ದು ಕನ್ನಡ. ಅವರ ಬೃಹತ್ಕಾದಂಬರಿಯ ಹೆಸರೇ 'ಸಮರಸವೇ ಜೀವನ'. ಪೂರ್ವ ಪಶ್ಚಿಮಗಳನ್ನೂ ಹಳತು ಹೊಸತುಗಳನ್ನೂ ಕೂಡಿಸಬೇಕೆಂಬ ಹಂಬಲವು ಆ ಹೆಸರಿನಲ್ಲಿಯೇ ವ್ಯಕ್ತವಾಗಿದೆ.

ಇದಕ್ಕೆ ಆಕ್ಷೇಪವನ್ನು ಊಹಿಸುವದು ಕಷ್ಟವಲ್ಲ. ಎಲ್ಲರಿಗೂ ಮಣೆ ಹಾಕುವವನು ಯಾರನ್ನೂ ಊಟಕ್ಕೆ ಕರೆದಂತಾಗಲಿಲ್ಲ. ಸಮರಸವೆಂಬುದು ನಿರ್ಣಯದ ಭೀತಿಗೆ ಕೊಟ್ಟ ಸುಂದರವಾದ ಹೆಸರು, ಎಂದು ಪ್ರತಿವಾದಿಯು ಹೇಳಬಹುದು. ಈ ಮಾತಿನಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಆದರೆ 1980ರಲ್ಲಿ ಗೋಕಾಕರ ಎದುರಿಗೆ ಬಂದು ನಿಂತ ಪ್ರಶ್ನೆಯು ಜಾರಿಕೊಳ್ಳಲು ಬರುವಂತಹುದಾಗಿರಲಿಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಯು ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡು ಕನ್ನಡವನ್ನು ಮುಟ್ಟದೆಯೇ ಪರೀಕ್ಷೆಯನ್ನು ದಾಟಬಹುದಾಗಿತ್ತು. ಇದು ಸರಿಯೋ ಅಲ್ಲವೋ ಎಂದು ವಿಚಾರಿಸಲು ಸರಕಾರವು ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. 1981ರಲ್ಲಿ ಸಮಿತಿಯು, ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಿರಬೇಕು, ಅದಕ್ಕೆ 150 ಅಂಕಗಳಿರಬೇಕು ಎಂದು ಹೇಳಿತು. ವರದಿಯ ಜಾರಿಗಾಗಿ 1982ರಲ್ಲಿ ನಟ ರಾಜಕುಮಾರರ ಮುಂದಾಳುತನದಲ್ಲಿ ನಡೆದ ಚಳವಳಿಯು ಎಲ್ಲರಿಗೂ ತಿಳಿದದ್ದೇ.

ಹಾಗಾದರೆ ಸಮನ್ವಯವಾದಿಯು ತನ್ನ ವ್ರತವನ್ನು ಮುರಿದನೇ? ಇಲ್ಲಿ ಮೀಮಾಂಸಕರ ದಾರಿಯನ್ನು ಸ್ವಲ್ಪ ನೋಡುವದು ಉಪಯುಕ್ತವಾದೀತು. ಎರಡು ವಿಧಿಗಳು ಘರ್ಷಿಸಿದಾಗ 'ಇದಾದರೂ ಮಾಡು, ಅದಾದರೂ ಮಾಡು' ಎನ್ನುವದು ವಿಕಲ್ಪ. ವ್ರೀಹಿಯಿಂದಾಗಲಿ ಯವದಿಂದಾಗಲಿ ಹೋಮಿಸಬಹುದೆಂಬುದು ಪ್ರಸಿದ್ಧ ಉದಾಹರಣೆ. ನೋಡಲಿಕ್ಕೆ ಬಹಳ ಉದಾರವಾದ ಈ ವಿಕಲ್ಪಕ್ಕೆ ಮೀಮಾಂಸಕರು ಎಂಟು ದೋಷಗಳನ್ನು ಎಣಿಸಿರುವರು. ಏಕೆಂದರೆ ಒಂದನ್ನು ಆರಿಸಿದ ಕ್ಷಣದಲ್ಲಿ ಇನ್ನೊಂದು ವಿಧಿಯು ಸುಮ್ಮನೆ ವ್ಯರ್ಥವಾಗುವದು. ಆದುದರಿಂದ ಬೇರೆ ಗತಿಯಿಲ್ಲದಾಗ ಮಾತ್ರ ಅದನ್ನು ಒಪ್ಪುವರು. ಅಂಗಾಂಗಿಭಾವವು ಇದಕ್ಕಿಂತ ಮೇಲಾದುದು. ದರ್ಶಪೂರ್ಣಮಾಸದಲ್ಲಿ ಪ್ರಯಾಜಗಳು ಅಂಗ. ಅಂಗವಾದ ಮಾತ್ರಕ್ಕೆ ಅವು ಬಿಟ್ಟುಹೋಗುವದಿಲ್ಲ, ತಮ್ಮ ಸ್ಥಾನದಲ್ಲಿ ಸಾರ್ಥಕವಾಗುವವು. ಹಿಂದಿನ ವ್ಯವಸ್ಥೆಯು ಕನ್ನಡ ಸಂಸ್ಕೃತಗಳಿಗೆ ವಿಕಲ್ಪವನ್ನು ಹೇಳಿತ್ತು. ಸಮಿತಿಯು ಅಂಗಾಂಗಿಭಾವವನ್ನು ಹೇಳಿತು. ಪ್ರಧಾನವು ಯಾವುದೆಂದು ನಿಶ್ಚಯಿಸದೆ ಸಮನ್ವಯವೇ ಸಾಧ್ಯವಿಲ್ಲವೆಂದ ಮೇಲೆ, ನಿರ್ಣಯವು ಸಮನ್ವಯಕ್ಕೆ ಶತ್ರುವೆನ್ನುವದು ಹೇಗೆ?

ಆದರೂ ಈ ಸಮಾಧಾನವು ಪೂರ್ಣವಾದುದಲ್ಲ. ಯಜ್ಞದಲ್ಲಿ ಅಂಗವಾದ ಪ್ರಯಾಜವು ಕಣ್ಣೀರಿಡುವದಿಲ್ಲ, ಮನುಷ್ಯನು ಇಡುವನು. ಸವಣೂರಿನಲ್ಲಿಯೇ ಉರ್ದುವನ್ನು ತಾಯಿಯ ಬಾಯಿಂದ ಕಲಿತ ಮಗುವಿಗೆ ಅದರ ಸ್ಥಾನವು ಎರಡನೆಯದೆಂದು ಹೇಳುವದು ಶಾಸ್ತ್ರವಿಚಾರದಷ್ಟು ಸುಲಭವಲ್ಲ. ಶಿಷ್ಯರು ಕಡಿಮೆಯಾದಾರೆಂದು ಅಂಜಿದ ಸಂಸ್ಕೃತ ಪಂಡಿತನ ಸಂಕಟವನ್ನು ಕೇವಲ ಸ್ವಾರ್ಥವೆನ್ನುವದೂ ಅನ್ಯಾಯ. ಅವನು ಕಾಪಾಡಬಯಸಿದ್ದು ತನ್ನ ಸಂಬಳವನ್ನಷ್ಟೇ ಅಲ್ಲ. ಆದರೆ ಅವನ ಪಾಠಶಾಲೆಗೆ ಅಂಕಗಳ ಆಸೆಯಿಂದ ಬಂದು, ಪರೀಕ್ಷೆಯ ಮರುದಿನ ಶಬ್ದರೂಪಾವಳಿಯನ್ನು ಅಟ್ಟಕ್ಕೆ ಎಸೆದ ಹುಡುಗರಿಂದ ಸಂಸ್ಕೃತವು ಎಷ್ಟು ಉಳಿಯಿತೆಂಬುದನ್ನು ಅವನೇ ಎದೆಮುಟ್ಟಿ ಹೇಳಬೇಕು.

ಗೋಕಾಕರು ಸಂಸ್ಕೃತದ್ವೇಷಿಗಳಾಗಿದ್ದರೆಂದು ಯಾರೂ ಹೇಳಲಾರರು. ಅವರ ಕೊನೆಗಾಲದ ದೊಡ್ಡ ಕೃತಿ 'ಭಾರತ ಸಿಂಧು ರಶ್ಮಿ'. ಅದರ ವಸ್ತು ವೇದಕಾಲದ್ದು, ನಾಯಕನು ವಿಶ್ವಾಮಿತ್ರ, ಗಾತ್ರವು ಸುಮಾರು 35,000 ಸಾಲುಗಳಷ್ಟು, ಭಾಷೆ ಕನ್ನಡ. 1990ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಅವರಿಗೆ ಬಂದಿತು. 1992ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು.