ಟ್ರಂಕಿನೊಳಗಿನ ಉಡಿದಾರ

ದಾವಣಗೆರೆಯ ವಿನೋಬನಗರದ ನಮ್ಮ ಮನೆಯಲ್ಲಿ ರಾತ್ರಿ ಧಾರಾವಾಹಿ ಹೊತ್ತಿಗೆ ಅವ್ವ ಮೊರದ ತುಂಬ ಮೆಂತ್ಯೆ ಸೊಪ್ಪು ಇಟ್ಟುಕೊಂಡು ಕೂರುತ್ತಾಳೆ. ಕಣ್ಣು ಟಿ.ವಿ. ಮೇಲೆ, ಬೆರಳು ಸೊಪ್ಪಿನ ಮೇಲೆ. ಜಗಳಕ್ಕೆ, ಅಳುವಿಗೆ, ಗುಡುಗಿನಂಥ ಹಿನ್ನೆಲೆ ಸಂಗೀತಕ್ಕೆ ಆ ಬೆರಳು ನಿಲ್ಲುವುದಿಲ್ಲ. ಒಂದು ರಾತ್ರಿ ನಿಂತಿತು. ಧಾರಾವಾಹಿಯ ಅತ್ತೆ ಟ್ರಂಕು ತೆಗೆದು ಸೀರೆ ಎತ್ತಿಡುತ್ತಿದ್ದಳು. ಮಡಿಕೆಗಳ ನಡುವೆ ಕೂಸಿನ ಬೆಳ್ಳಿ ಉಡಿದಾರವೊಂದು ಕಂಡೂ ಕಾಣದಂತೆ ಮಿನುಗಿತು. ಟ್ರಂಕು ಮುಚ್ಚಿತು, ಮಾತು ಬೇರೆ ಕಡೆ ಹೊರಳಿತು. "ಅದನ್ನ ನೋಡಿಟ್ಕೋ. ಆಕಿ ಮಕ್ಕಳೆಲ್ಲ ದೊಡ್ಡೋರಾಗ್ಯಾರೆ. ಉಡಿದಾರ ಯಾರ್ದು?" ಅಂದಳು ಅವ್ವ.

ಉತ್ತರ ಬರಲು ಮೂರು ತಿಂಗಳು ಹಿಡಿಯಿತು. ಆ ಅತ್ತೆಗೆ ಇನ್ನೊಂದು ಕೂಸಿತ್ತು, ಉಳಿದಿರಲಿಲ್ಲ. ಸೊಸೆ ಬಸುರಿಯಾದಾಗಿನಿಂದ ಆಕೆ ಸಿಡುಕುತ್ತಿದ್ದುದನ್ನು ನಾವು ಹೊಟ್ಟೆಕಿಚ್ಚು ಅಂದುಕೊಂಡಿದ್ದೆವು, ಅದೆಲ್ಲ ಭಯವಾಗಿತ್ತು. ಉಡಿದಾರ ಹೊರಬಂದ ಆ ರಾತ್ರಿ ನನಗೆ ಮೈ ಜುಮ್ಮೆಂದಿತು. ಮೂರು ತಿಂಗಳ ಹಳೆಯ ಸಂಚಿಕೆಗಳು ನನ್ನ ತಲೆಯೊಳಗೆ ತಾವೇ ತಿರುಗಿ ಕೂತವು. ಯಾರೂ ಅವನ್ನು ಮತ್ತೆ ಚಿತ್ರೀಕರಿಸಿರಲಿಲ್ಲ, ಒಂದು ಮಾತೂ ಬದಲಾಗಿರಲಿಲ್ಲ. ಆದರೂ ಅದೇ ಸಿಡುಕು ಈಗ ಬೇರೆಯಾಗಿ ಕೇಳಿಸಿತು. ಆಗಿಹೋದದ್ದು ಹೀಗೆ ಬದಲಾಗಬಲ್ಲದು ಎಂಬ ಬೆರಗು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಮುಂದಿನದನ್ನು ಮೊದಲೇ ಬಿತ್ತಿಡುವ ಈ ವಿದ್ಯೆ ಟಿ.ವಿ.ಯ ಜೊತೆ ಬಂದದ್ದಲ್ಲ. ನಾಟ್ಯಶಾಸ್ತ್ರ ಕಥೆಯ ಮೊದಲ ಅಂಶವನ್ನು ಬೀಜ ಎಂದೇ ಕರೆಯಿತು. ನಮ್ಮ ರನ್ನನಂತೂ ಸಾವಿರ ವರ್ಷದ ಹಿಂದೆ ಗದಾಯುದ್ಧವನ್ನು ಸಿಂಹಾವಲೋಕನ ಕ್ರಮದಲ್ಲಿ ಕಟ್ಟಿದ: ಸಿಂಹ ನಡೆಯುತ್ತಲೇ ಕತ್ತು ತಿರುಗಿಸಿ ಬಂದ ದಾರಿ ನೋಡುವ ಹಾಗೆ. ಕೊನೆಯ ದಿನದ ಯುದ್ಧ ಹಿಡಿದು ಇಡೀ ಮಹಾಭಾರತವನ್ನು ಹೇಳಿದ. ಅದರಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆದು ಹೋಗುತ್ತಾನೆ. ದ್ರೋಣನ ದೇಹ ಎದುರಾಗುತ್ತದೆ, ಅಭಿಮನ್ಯುವಿನದು, ದುಶ್ಶಾಸನನದು, ಕರ್ಣನದು. ಒಂದೊಂದರ ಮುಂದೆಯೂ ನಿಲ್ಲುತ್ತಾನೆ, ಒಂದೊಂದು ಹಿಂದಿನ ಕಥೆ ಏಳುತ್ತದೆ. ಇಂದಿನ ಧಾರಾವಾಹಿಯಾಗಿದ್ದರೆ ಪರದೆ ಮಸುಕಾಗಿ ಹತ್ತು ನಿಮಿಷದ ಫ್ಲ್ಯಾಶ್‌ಬ್ಯಾಕ್ ಬರುತ್ತಿತ್ತು. ರನ್ನನಲ್ಲಿ ಕಥೆಯ ನಡಿಗೆ ನಿಲ್ಲುವುದಿಲ್ಲ. ಹಳೆಯದು ಕಾಲಿಗೆ ತೊಡರುತ್ತದೆ. ತನ್ನವರೇ ಸುತ್ತುವರಿದು ಕೊಂದ ಹುಡುಗ ಅಭಿಮನ್ಯುವಿನ ಎದುರು ದುರ್ಯೋಧನ ಕೈಮುಗಿದು, ಇಂಥ ಸಾವು ತನಗೂ ಬರಲೆಂದು ಬೇಡುತ್ತಾನಲ್ಲ, ಅಲ್ಲಿ ಕಳೆದುಹೋದದ್ದೂ ಬರಲಿರುವುದೂ ಒಂದೇ ಉಸಿರಿನಲ್ಲಿ ಇವೆ. ಪಾತ್ರದ ಹಿನ್ನೆಲೆ ಹೇಳುವುದನ್ನು ಕಲಿಯಬೇಕೆನ್ನುವವರು ಆ ಭಾಗವನ್ನು ಹತ್ತು ಸಲ ಓದಲಿ.

ನಮಗೆ ಅಷ್ಟು ದೂರವೂ ಬೇಡ, ಹರಿಹರವಿದೆ. ಗುಹಾಸುರನ ಕಥೆ ಈ ಕಡೆಯ ಮಕ್ಕಳಿಗೆಲ್ಲ ಗೊತ್ತು: ಹರಿಯಿಂದಲೂ ಸಾವು ಬರಬಾರದು, ಹರನಿಂದಲೂ ಬರಬಾರದು ಎಂದು ಬ್ರಹ್ಮನಿಂದ ವರ ಪಡೆದವನು. ಕೇಳುವಾಗ ವರ ಭದ್ರವಾಗಿಯೇ ಕಾಣುತ್ತದೆ. ಆದರೆ ಅವನ ಸಾವು ಅವನು ಆಡಿದ ಮಾತಿನ ಸಂದಿಯಲ್ಲೇ ಕೂತಿದೆ. ಇಬ್ಬರೂ ಒಂದೇ ದೇಹವಾಗಿ ಬಂದರು. ವರ ಸುಳ್ಳಾಗಲಿಲ್ಲ, ಅಸುರ ಉಳಿಯಲಿಲ್ಲ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರಲ್ಲಿ ಪೋಲಾಳ್ವ ದಂಡನಾಥ ಕಟ್ಟಿಸಿದ ಗುಡಿಯಲ್ಲಿ ಬಲಭಾಗ ಹರ, ಎಡಭಾಗ ಹರಿಯಾಗಿ ಆ ಮೂರ್ತಿ ನಿಂತಿದೆ. ಅದರ ಎದುರು ನಿಂತಾಗಲೆಲ್ಲ ನನಗೆ ಅನ್ನಿಸುವುದು: ಕಥೆಯ ಕೊನೆಯನ್ನು ಮೊದಲೇ ಕೇಳುಗರ ಕೈಗೆ ಕೊಟ್ಟು, ಅವರಿಗೆ ಗೊತ್ತಾಗದಂತೆ ಮುಷ್ಟಿ ಮುಚ್ಚಿಸಿದ ಆ ಮೊದಲ ಕಥೆಗಾರ ಯಾರಿರಬಹುದು!

ಅವ್ವನಿಗೆ ಸುಳಿವು ಹಿಡಿಯುವ ಆ ಕಣ್ಣು ಬಂದದ್ದು ಕಂಪನಿ ನಾಟಕದಿಂದ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮ ದಾವಣಗೆರೆಯದೇ. ಮಗಳು ಚಿಂದೋಡಿ ಲೀಲಾ ಅವರ ಆಟ ಅಂದರೆ ಊರು ನೆರೆಯುತ್ತಿತ್ತು. ಅಲ್ಲಿ ಕ್ಲೋಸಪ್ ಇಲ್ಲ. ಕಾಗದವೊಂದು ಮುಂದೆ ಕೆಲಸಕ್ಕೆ ಬರಬೇಕಾದರೆ ನಟಿ ಅದನ್ನು ಹಿಂದಿನ ಸಾಲಿನವರಿಗೂ ಕಾಣುವಂತೆ ಹಿಡಿದು, ಸೆರಗಿಗೆ ಗಂಟು ಹಾಕಬೇಕಿತ್ತು. ಆಮೇಲೆ ಎರಡು ಗಂಟೆ ಇಡೀ ಟೆಂಟು ಆ ಗಂಟನ್ನು ಮನಸ್ಸಿನಲ್ಲಿಟ್ಟುಕೊಂಡು ಕೂರುತ್ತಿತ್ತು. ಟಿ.ವಿ.ಗೆ ಕ್ಯಾಮೆರಾ ಎಂಬ ದೊಡ್ಡ ವರವಿದೆ. ಉಡಿದಾರದಷ್ಟು ಸಣ್ಣದನ್ನೂ ಮೆಲ್ಲಗೆ ತೋರಿಸಬಹುದು. ಆ ವರವನ್ನು ಎಷ್ಟೋ ಧಾರಾವಾಹಿಗಳು ಹಾಳುಮಾಡಿಕೊಳ್ಳುತ್ತಿವೆ. ಒಂದೇ ವಸ್ತುವನ್ನು ಮೂರು ಮೂರು ಸಲ, ಢಣ್ ಢಣ್ ಸದ್ದಿನೊಂದಿಗೆ ತೋರಿಸಿದರೆ ಸುಳಿವು ಅಲ್ಲೇ ಸಾಯುತ್ತದೆ. ನೋಡುವವರು ಮರೆಯಲು ಎಡೆಯಿರಬೇಕು. ಮರೆತದ್ದು ನೆನಪಾದಾಗಲೇ ಬೆರಗು.

ಬರೆಯುವವರ ಕಷ್ಟವೂ ನನಗೆ ಅರ್ಥವಾಗುತ್ತದೆ. ವಾರಕ್ಕೆ ಐದಾರು ಸಂಚಿಕೆ. ಗುರುವಾರ ಟಿ.ಆರ್.ಪಿ. ಬರುತ್ತದೆ, ಅಂಕಿ ಬಿದ್ದರೆ ಟ್ರ್ಯಾಕ್ ಬದಲಾಗುತ್ತದೆ. ಇವತ್ತು ಬಿತ್ತಿದ್ದನ್ನು ಕೊಯ್ಯುವ ಹೊತ್ತಿಗೆ ಪಾತ್ರಕ್ಕೆ ಬೇರೆ ಮುಖ ಬಂದಿರಬಹುದು. ಇಷ್ಟರ ನಡುವೆಯೂ ಒಬ್ಬರು ಮುಂದಿನದನ್ನು ಮನಸ್ಸಿನಲ್ಲಿಟ್ಟುಕೊಂಡು ಟ್ರಂಕಿನಲ್ಲಿ ಉಡಿದಾರ ಇಡುತ್ತಾರೆಂದರೆ, ಅದು ನಾಳೆಯ ಮೇಲಿನ ನಂಬಿಕೆಯೇ ಸರಿ.

ನಿರ್ದೇಶಕ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ಶೀರ್ಷಿಕೆಗಳಲ್ಲೇ ಆ ನಂಬಿಕೆ ಇದೆ. ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರೊಂದಿಗೆ ಸೇರಿ ದೂರದರ್ಶನಕ್ಕೆ ಮಾಡಿದ 'ಮಾಯಾಮೃಗ' 1998ರದು. ಹೆಸರು ಕೇಳಿದೊಡನೆ ನಮಗೆ ಗೊತ್ತು, ಯಾರೋ ಹೊಳೆಯುವುದರ ಬೆನ್ನು ಹತ್ತುತ್ತಾರೆ, ಮನೆಯೊಂದು ಬರಿದಾಗುತ್ತದೆ. 2018ರಲ್ಲಿ 'ಮಗಳು ಜಾನಕಿ' ಬಂತು. ಜನಕನಿಗೆ ಸೀತೆ ನೇಗಿಲ ಸಾಲಿನಲ್ಲಿ ಸಿಕ್ಕವಳು. ಹಾಗಾಗಿ ಆ ಎರಡು ಪದ ಜೊತೆಯಾದ ಕೂಡಲೇ ಕೇಳಬೇಕೆನಿಸುತ್ತದೆ: ಯಾರ ಮಗಳು? ಮೊದಲ ದೃಶ್ಯಕ್ಕೂ ಮುಂಚೆ ಬೀಜ ಬಿದ್ದಾಗಿತ್ತು. 2020ರ ಲಾಕ್‌ಡೌನ್‌ನಲ್ಲಿ ಆ ಧಾರಾವಾಹಿ ನಡುದಾರಿಯಲ್ಲೇ ನಿಂತುಹೋಯಿತು. ನೋಡಿಟ್ಟುಕೊಂಡದ್ದೆಲ್ಲ ನೋಡಿದವರ ಬಳಿಯೇ ಉಳಿಯಿತು. ಅತ್ತ 'ಮಾಯಾಮೃಗ' ಇಪ್ಪತ್ತನಾಲ್ಕು ವರ್ಷದ ಮೇಲೆ, 2022ರಲ್ಲಿ, 'ಮತ್ತೆ ಮಾಯಾಮೃಗ'ವಾಗಿ ಮರಳಿತು. ಒಂದು ಇಡೀ ಧಾರಾವಾಹಿಯೇ ಇನ್ನೊಂದರ ಪಾತ್ರಗಳಿಗೆ ಹಿನ್ನೆಲೆಯಾಯಿತು. ಆ ನಡುವೆ ಪಾತ್ರಗಳಿಗೆ ಬಂದ ನರೆಗೂದಲಿನಷ್ಟೇ ನೋಡುವವರ ತಲೆಯಲ್ಲೂ ನರೆ ಬಂದಿತ್ತು.

ಧಾರಾವಾಹಿ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಮುಂದೆ ಬೇಕಾಗುವುದನ್ನು ಇವತ್ತೇ ಇಡಿ, ಒಂದೇ ಸಲ ತೋರಿಸಿ, ಸದ್ದು ಮಾಡಬೇಡಿ. ಇಲ್ಲಿ ಸೊಪ್ಪು ಬಿಡಿಸುತ್ತ ಕೂತವರು ಅದನ್ನು ನೋಡಿಟ್ಟುಕೊಂಡಿರುತ್ತಾರೆ.