ಹೆಸರಿಲ್ಲದ ಪಾತ್ರಕ್ಕೆ ಸಿಕ್ಕ ಆಸ್ಕರ್

ಗೆದ್ದವರೇ ಇತಿಹಾಸ ಬರೀತಾರೆ ಅನ್ನೋ ಮಾತನ್ನು ಎಷ್ಟು ಸಲ ಕೇಳಿದ್ದೀವೋ ಲೆಕ್ಕವಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಚರ್ಚೆ ಬಿಸಿಯಾದಾಗ ಯಾರಾದರೂ ಒಬ್ಬರು ಈ ಮಾತನ್ನು ಎಸೆದು ಸುಮ್ಮನಾಗ್ತಾರೆ. ಆದರೆ ಅಮೆರಿಕದ ಅಂತರ್ಯುದ್ಧದ ವಿಷಯದಲ್ಲಿ ಇದು ಪೂರ್ತಿ ಉಲ್ಟಾ. 1861ರಿಂದ 1865ರವರೆಗೆ ನಡೆದ ಆ ಯುದ್ಧದಲ್ಲಿ ಗೆದ್ದಿದ್ದು ಉತ್ತರದ ರಾಜ್ಯಗಳು. ಮುಂದಿನ ಎಪ್ಪತ್ತೈದು ವರ್ಷಗಳಲ್ಲಿ ಅದರ ಬಗ್ಗೆ ಬಂದ ಅತಿ ಹೆಸರುವಾಸಿ ಸಿನಿಮಾಗಳು ಕತೆ ಹೇಳಿದ್ದು ಮಾತ್ರ ಸೋತ ದಕ್ಷಿಣದ ಪರವಾಗಿ.

ದಕ್ಷಿಣದವರು ಯುದ್ಧಕ್ಕೆ ಇಳಿದದ್ದು ಯಾಕೆ ಅನ್ನೋದರಲ್ಲಿ ಗುಟ್ಟೇನಿರಲಿಲ್ಲ. 1860ರ ಡಿಸೆಂಬರಿನಲ್ಲಿ ಒಕ್ಕೂಟ ಬಿಟ್ಟ ಸೌತ್ ಕ್ಯಾರೊಲಿನಾ ತನ್ನ ಕಾರಣಗಳನ್ನು ಬರೆದು ಪ್ರಕಟಿಸಿತು. ಅದರ ಜೀವಾಳವೇ ಗುಲಾಮಗಿರಿ. ಬಿಳಿಯರಿಗೆ ಕರಿಯರು ಸಮಾನರಲ್ಲ ಅನ್ನೋದೇ ನಮ್ಮ ಹೊಸ ಸರ್ಕಾರದ ಅಡಿಗಲ್ಲು ಅಂತ ದಕ್ಷಿಣದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚಿನಲ್ಲಿ ತುಂಬಿದ ಸಭೆಯಲ್ಲೇ ಹೇಳಿದರು. ಆಗ ಗುಲಾಮರಾಗಿದ್ದವರು ಸುಮಾರು 40 ಲಕ್ಷ ಜನ. ಯುದ್ಧದಲ್ಲಿ ಸತ್ತ ಸೈನಿಕರು 6 ಲಕ್ಷಕ್ಕೂ ಹೆಚ್ಚು. ಸೋತ ಮೇಲೆ ವರಸೆ ಬದಲಾಯ್ತು. ನಾವು ಕಾದಾಡಿದ್ದು ರಾಜ್ಯಗಳ ಹಕ್ಕಿಗಾಗಿ, ಮಾನಕ್ಕಾಗಿ, ಮನೆಗಾಗಿ ಅನ್ನೋ ಹೊಸ ಕತೆ ಶುರುವಾಯ್ತು. ಈ ಕತೆಗೆ ಕಣ್ಣು, ಕಿವಿ, ಸಂಗೀತ ಕೊಟ್ಟಿದ್ದು ಸಿನಿಮಾ.

ಮೊದಲನೆಯದು 1915ರ 'ದ ಬರ್ತ್ ಆಫ್ ಎ ನೇಷನ್'. ನಿರ್ದೇಶಕ ಡಿ.ಡಬ್ಲ್ಯು. ಗ್ರಿಫಿತ್ ಅವರ ತಂದೆ ದಕ್ಷಿಣದ ಸೇನೆಯಲ್ಲಿ ಕರ್ನಲ್ ಆಗಿದ್ದವರು. ಇದರಲ್ಲಿ ಮುಖಕ್ಕೆ ಮಸಿ ಬಳಿದುಕೊಂಡ ಬಿಳಿ ನಟರು ಕರಿಯರನ್ನು ಕಾಮುಕರಂತೆ, ಮೂರ್ಖರಂತೆ ಆಡಿ ತೋರಿಸುತ್ತಾರೆ. ಕೊನೆಗೆ ಕುದುರೆ ಏರಿ ಬಂದು ಎಲ್ಲರನ್ನೂ ಕಾಪಾಡುವವರು ಬಿಳಿ ನಿಲುವಂಗಿಯ ಕು ಕ್ಲಕ್ಸ್ ಕ್ಲಾನ್. ಆ ಸಂಘಟನೆ ಹತ್ತಿಕ್ಕಲ್ಪಟ್ಟು ಆಗಲೇ ನಾಲ್ಕು ದಶಕ ಕಳೆದಿತ್ತು. ಚಿತ್ರ ಅಟ್ಲಾಂಟಾಗೆ ಬರುವ ಹೊತ್ತಿಗೆ, 1915ರ ನವೆಂಬರಿನಲ್ಲಿ, ಊರಾಚೆಯ ಸ್ಟೋನ್ ಮೌಂಟನ್ ಮೇಲೆ ಕ್ಲಾನ್ ಮತ್ತೆ ಹುಟ್ಟಿತು. ಅವತ್ತು ಅವರು ಶಿಲುಬೆ ಉರಿಸಿದರು. ಹಳೇ ಕ್ಲಾನಿನವರು ಶಿಲುಬೆ ಉರಿಸುತ್ತಿರಲಿಲ್ಲ. ಅದು ಥಾಮಸ್ ಡಿಕ್ಸನ್ ಅವರ ಕಾದಂಬರಿಯಲ್ಲಿದ್ದದ್ದು, ಅಲ್ಲಿಂದ ಗ್ರಿಫಿತ್ ಅವರ ತೆರೆಗೆ ಬಂದದ್ದು. ಕಲ್ಪನೆಯಿಂದ ಹುಟ್ಟಿದ ಆಚರಣೆಯೊಂದು ನಿಜವಾದ ಜನರ ಮನೆಯೆದುರು ಉರಿಯತೊಡಗಿತು.

ಗ್ರಿಫಿತ್ ವಿಷಯದಲ್ಲಿ ತೀರ್ಪು ಸುಲಭ, ಅದು ದ್ವೇಷದ ಚಿತ್ರ. ನನ್ನನ್ನು ಹೆಚ್ಚು ಕಾಡುವುದು ಬಸ್ಟರ್ ಕೀಟನ್ ಅವರ 'ದ ಜನರಲ್'. 1926ರ ಈ ಮೂಕಿ ಚಿತ್ರವನ್ನು ಯಾವಾಗ ನೋಡಿದರೂ ನಾನು ನಗ್ತೀನಿ. ಇದಕ್ಕೆ ಆಧಾರ ನಿಜ ಘಟನೆ. 1862ರ ಏಪ್ರಿಲಿನಲ್ಲಿ ಉತ್ತರದ ಪರವಾಗಿ ಜೇಮ್ಸ್ ಆಂಡ್ರ್ಯೂಸ್ ಎಂಬವರ ತಂಡ ಜಾರ್ಜಿಯಾದ ಬಿಗ್ ಶ್ಯಾಂಟಿಯಲ್ಲಿ 'ಜನರಲ್' ಅನ್ನೋ ರೈಲು ಎಂಜಿನ್ ಕದ್ದು, ದಾರಿಯುದ್ದ ಟೆಲಿಗ್ರಾಫ್ ತಂತಿ ಕತ್ತರಿಸುತ್ತಾ ಓಡಿತು. ದಕ್ಷಿಣದವರು ಬೆನ್ನಟ್ಟಿ ಹಿಡಿದರು. ಆಂಡ್ರ್ಯೂಸ್ ಸೇರಿ ಎಂಟು ಜನ ಗಲ್ಲಿಗೇರಿದರು. ಬದುಕುಳಿದ ಉತ್ತರದ ಸೈನಿಕರೊಬ್ಬರು ಬರೆದ ಪುಸ್ತಕವೇ ಚಿತ್ರದ ಮೂಲ. ಕೀಟನ್ ಅದನ್ನು ತಿರುಗಿಸಿ, ದಕ್ಷಿಣದ ಎಂಜಿನ್ ಚಾಲಕನನ್ನು ನಾಯಕ ಮಾಡಿದರು. ದಕ್ಷಿಣದವರನ್ನು ಖಳರಾಗಿ ತೋರಿಸಿದರೆ ಪ್ರೇಕ್ಷಕರು ಒಪ್ಪಲ್ಲ ಅನ್ನೋದು ತಮ್ಮ ಲೆಕ್ಕವಾಗಿತ್ತು ಅಂತ ಆಮೇಲೆ ಅವರೇ ಹೇಳಿದ್ದಾರೆ. ಇಲ್ಲಿ ದ್ವೇಷ ಇಲ್ಲ, ಇರೋದು ಮಾರುಕಟ್ಟೆಯ ಲೆಕ್ಕ ಅಷ್ಟೇ. ಆ ಲೆಕ್ಕದಲ್ಲಿ ಗಲ್ಲಿಗೇರಿದ ಎಂಟು ಜನ ಮಾಯ. ಯುದ್ಧಕ್ಕೆ ಕಾರಣವಾದ ಗುಲಾಮಗಿರಿಯ ಸುದ್ದಿಯೂ ಇಲ್ಲ.

ಹದಿಮೂರು ವರ್ಷ ಬಿಟ್ಟು ಬಂತು 'ಗಾನ್ ವಿತ್ ದ ವಿಂಡ್'. ಅದರ ನಾಯಕಿ ಸ್ಕಾರ್ಲೆಟ್ ಹುಟ್ಟಿದ ಮನೆ ಟಾರಾ ಒಂದು ಹತ್ತಿ ತೋಟ. ಆ ಕಾಲಕ್ಕೆ ಅಮೆರಿಕದ ಹತ್ತಿಯ ತೂಕ ಎಂಥದು ಅಂದರೆ, ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದ ಮೇಲೆ ಇಂಗ್ಲೆಂಡಿನ ಎಷ್ಟೋ ಗಿರಣಿಗಳು ನಿಂತವು, ನಮ್ಮ ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂತು. ಆ ಹತ್ತಿಯನ್ನು ಕಾರವಾರದಿಂದ ಹಡಗು ಹತ್ತಿಸುವ ಯೋಜನೆಯ ಭಾಗವಾಗಿಯೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದರು. ಭೂಮಿಯ ಈ ತುದಿಯಲ್ಲಿ ಜಿಲ್ಲೆಯ ಗಡಿಯನ್ನೇ ಸರಿಸಿದ ಹತ್ತಿ ಅದು. ಸಿನಿಮಾದಲ್ಲಿ ಮಾತ್ರ ಅದನ್ನು ಬಿಡಿಸುವ ಕೈಗಳು ಶುರುವಿನಲ್ಲಿ ಒಂದು ಕ್ಷಣ ಕಂಡು ಮರೆಯಾಗುತ್ತವೆ. ಉಳಿಯೋದು ರೇಷ್ಮೆ ಗೌನು, ಔತಣ, ಕೆಂಪು ಸಂಜೆ. ಹರಾಜು ಅಂತ ಒಂದು ದೃಶ್ಯ ಇದೆ, ಯುದ್ಧನಿಧಿಗಾಗಿ ಹೆಂಗಸರ ಜೊತೆ ಕುಣಿಯೋಕೆ ಗಂಡಸರು ಕೂಗುವ ಹರಾಜು. ಅದೊಂದು ತಮಾಷೆ. ನಿಜವಾಗಿ ಹರಾಜಾಗುತ್ತಿದ್ದ ಮನುಷ್ಯರು ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿರುತ್ತಾರೆ.

ಆ ಮನೆಯಲ್ಲಿ ಎಲ್ಲರನ್ನೂ ಸಾಕುವ, ಗದರಿಸುವ ಒಬ್ಬ ಕರಿಯ ಹೆಂಗಸು ಇದ್ದಾಳೆ. ಎಲ್ಲರೂ ಅವಳನ್ನು ಕರೆಯೋದು ಮ್ಯಾಮಿ ಅಂತ. ಅದು ಹೆಸರಲ್ಲ, ನಾವು ಆಯಾ ಅಂದಹಾಗೆ ಕೆಲಸದ ಗುರುತು. ಸುಮಾರು ನಾಲ್ಕು ಗಂಟೆಯ ಚಿತ್ರದಲ್ಲಿ ಅವಳ ಹೆಸರೇನು ಅಂತ ಯಾರೂ ಕೇಳಲ್ಲ. ಆ ಪಾತ್ರ ಮಾಡಿದವರು ಹ್ಯಾಟಿ ಮೆಕ್‌ಡೇನಿಯಲ್. 1939ರ ಡಿಸೆಂಬರಿನಲ್ಲಿ ಅಟ್ಲಾಂಟಾದಲ್ಲಿ ಮೊದಲ ಪ್ರದರ್ಶನ ಆದಾಗ ಅವರು ಅಲ್ಲಿರಲಿಲ್ಲ. ಜಾರ್ಜಿಯಾದ ಕಾನೂನಿನ ಪ್ರಕಾರ ಬಿಳಿಯರ ಜೊತೆ ಕೂರುವಂತಿರಲಿಲ್ಲ. ಹಿಂದಿನ ರಾತ್ರಿ ಬಿಳಿಯರ ಸಂಭ್ರಮದ ಕೂಟದಲ್ಲಿ ಕರಿಯರ ಚರ್ಚಿನ ಗಾಯನ ತಂಡವೊಂದು ಗುಲಾಮರ ವೇಷದಲ್ಲಿ ಹಾಡಿತು. ಆ ತಂಡದಲ್ಲಿದ್ದ ಹತ್ತು ವರ್ಷದ ಒಬ್ಬ ಹುಡುಗನೇ ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಆಗಿ ಬೆಳೆದವರು. 1940ರ ಫೆಬ್ರವರಿಯಲ್ಲಿ ಹ್ಯಾಟಿ ಆಸ್ಕರ್ ಗೆದ್ದರು. ಆಸ್ಕರ್ ಪಡೆದ ಮೊದಲ ಕರಿಯ ಕಲಾವಿದೆ. ಆ ರಾತ್ರಿಯೂ ಅವರಿಗೆ ಚಿತ್ರತಂಡದಿಂದ ದೂರ ಬೇರೆ ಮೇಜು ಹಾಕಿದ್ದರು.

ಇದಕ್ಕಿಂತ ಚುಚ್ಚುವ ಸಂಗತಿ ಇನ್ನೊಂದಿದೆ. ಹ್ಯಾಟಿಯವರ ತಂದೆ ಗುಲಾಮರಾಗಿ ಹುಟ್ಟಿ, ಉತ್ತರದ ಸೇನೆ ಸೇರಿ ಇದೇ ಅಂತರ್ಯುದ್ಧದಲ್ಲಿ ಕಾದಾಡಿದವರು. ಅವರಂತೆ ಆ ಸೇನೆ ಸೇರಿದ ಕರಿಯರು ಸುಮಾರು 1 ಲಕ್ಷ 80 ಸಾವಿರ. ಅಂಥ ಒಬ್ಬ ಸೈನಿಕನಿಗೂ ಈ ಚಿತ್ರದಲ್ಲಿ ಹೇಳಿಕೊಳ್ಳುವ ಪಾತ್ರವಿಲ್ಲ. ಅಪ್ಪ ಯಾವ ವ್ಯವಸ್ಥೆ ಮುರಿಯಲು ಬಂದೂಕು ಹಿಡಿದರೋ, ಅದು ಮುರಿದುಬಿದ್ದದ್ದಕ್ಕೆ ಕಣ್ಣೀರಿಡುವ ಸಿನಿಮಾದಲ್ಲಿ ಮಗಳಿಗೆ ಪ್ರಶಸ್ತಿ.

ಇದನ್ನೆಲ್ಲ ಆಫೀಸಿನ ಗೆಳೆಯನಿಗೆ ಹೇಳಿದರೆ ಅವನು, "ಅದು ಸಿನಿಮಾ ಗುರು, ಹಿಸ್ಟರಿ ಕ್ಲಾಸ್ ಅಲ್ಲ. ಎಲ್ಲದರಲ್ಲೂ ತಪ್ಪು ಹುಡುಕ್ತಾ ಕೂತ್ರೆ ಏನ್ ನೋಡ್ತೀಯಾ?" ಅಂದ. ನ್ಯಾಯವಾದ ಪ್ರಶ್ನೆಯೇ. ಇಸವಿ ಅದಲುಬದಲಾದರೆ, ಕೋಟಿನ ಗುಂಡಿ ತಪ್ಪಾದರೆ ನನಗೂ ಬೇಜಾರಿಲ್ಲ. ನನ್ನ ತಕರಾರು ಬೇರೆ. ಇತಿಹಾಸದ ಸಿನಿಮಾ ನಮಗೆ ಮಾಹಿತಿ ಕೊಡೋದು ಕಡಿಮೆ. ಅದು ಮುಖ್ಯವಾಗಿ ಮಾಡೋದು ನಮ್ಮ ಮರುಕವನ್ನು ಹಂಚುವ ಕೆಲಸ. ಅಟ್ಲಾಂಟಾ ರೈಲು ನಿಲ್ದಾಣದಲ್ಲಿ ಕ್ಯಾಮೆರಾ ಮೇಲೇರುತ್ತಾ ಹೋದಹಾಗೆ ನೆಲದ ತುಂಬ ಗಾಯಾಳುಗಳು ಕಾಣುತ್ತಾರೆ, ಹರಿದ ಬಾವುಟ ಕಾಣುತ್ತೆ. ಯಾರ ಹೊಟ್ಟೆ ಚುರ್ರ್ ಅನ್ನಲ್ಲ ಹೇಳಿ? ಅದರಲ್ಲಿ ತಪ್ಪಿಲ್ಲ, ನೋವು ನೋವೇ. ಆದರೆ ಆ ಕ್ಯಾಮೆರಾ 40 ಲಕ್ಷ ಜನರ ನೋವಿಗಾಗಿ ಒಮ್ಮೆಯೂ ಹಾಗೆ ಮೇಲೇರಲಿಲ್ಲ. ಸುಳ್ಳು ಇರೋದು ಅಲ್ಲಿ. ತೋರಿಸಿದ್ದು ನಿಜವೇ ಇರಬಹುದು, ಪಾಲು ಹಂಚಿದ್ದರಲ್ಲಿ ಮೋಸ.

ಒಳ್ಳೇ ಉದ್ದೇಶ ಇದ್ದರೆ ಇದು ಸರಿಹೋಗುತ್ತಾ? 1989ರ 'ಗ್ಲೋರಿ' ಕರಿಯ ಸೈನಿಕರ 54ನೇ ಮ್ಯಾಸಚೂಸೆಟ್ಸ್ ದಳದ ಕತೆ. ಡೆಂಜೆಲ್ ವಾಷಿಂಗ್ಟನ್ ಅವರಿಗೆ ಮೊದಲ ಆಸ್ಕರ್ ತಂದ ಚಿತ್ರ. ನನಗೆ ಅದರ ಬಗ್ಗೆ ತುಂಬ ಗೌರವ ಇದೆ. ಆದರೂ ಅದರ ಕತೆ ಹೇಳುವ ದನಿ ಬಿಳಿ ಕರ್ನಲ್ ರಾಬರ್ಟ್ ಶಾ ಅವರದು. ಆ ದಳದ ಹೆಚ್ಚಿನವರು ಉತ್ತರದ ಸ್ವತಂತ್ರ ನಾಗರಿಕರು, ಚಿತ್ರದಲ್ಲಿ ಹೆಚ್ಚಿನವರು ಓಡಿಬಂದ ಗುಲಾಮರು. ಹೋರಾಟಗಾರ ಫ್ರೆಡರಿಕ್ ಡಗ್ಲಸ್ ಅವರ ಇಬ್ಬರು ಮಕ್ಕಳು ಅದೇ ದಳದಲ್ಲಿದ್ದರು. ಅವರು ಚಿತ್ರದ ಪಾತ್ರಗಳಲ್ಲ. ಮರುಕಕ್ಕೆ ಪಾಲು ಸಿಕ್ಕಿತು, ಕತೆಯ ಯಜಮಾನಿಕೆ ಇನ್ನೂ ಸಿಗಲಿಲ್ಲ.

ಹಾಗಂತ ಹಳೇ ಚಿತ್ರಗಳನ್ನು ಅಳಿಸಿಹಾಕಬೇಕೆ? ನನ್ನ ಮಟ್ಟಿಗೆ ಬೇಡ. 2020ರ ಜೂನಿನಲ್ಲಿ 'ಗಾನ್ ವಿತ್ ದ ವಿಂಡ್' ಅನ್ನು ಎಚ್‌ಬಿಒ ಮ್ಯಾಕ್ಸ್ ಕೆಲವು ದಿನ ತೆಗೆದಿಟ್ಟು, ಸಿನಿಮಾ ವಿದ್ವಾಂಸೆ ಜಾಕ್ವೆಲಿನ್ ಸ್ಟುವರ್ಟ್ ಅವರ ಮುನ್ನುಡಿಯೊಂದಿಗೆ ಮರಳಿ ಹಾಕಿತು. ಅದು ಸರಿ ಅನ್ನಿಸಿತು. ಚಿತ್ರ ಅಳಿಸಿದರೆ ಹ್ಯಾಟಿಯವರ ನಟನೆಯೂ ಅಳಿಸಿಹೋಗುತ್ತೆ. ಒಂದು ಪೀಳಿಗೆ ಹೇಗೆ ತನಗೆ ತಾನೇ ಸುಳ್ಳು ಹೇಳಿಕೊಂಡಿತು ಅನ್ನೋ ಸಾಕ್ಷಿಯೂ ಹೋಗುತ್ತೆ. ಹಾಗೆಯೇ, ಮುನ್ನುಡಿ ಹಾಕಿದ ಮಾತ್ರಕ್ಕೆ ನಮ್ಮ ಜವಾಬ್ದಾರಿ ತೀರಲಿಲ್ಲ. ಅದನ್ನು ಸ್ಕಿಪ್ ಮಾಡುವ ಗುಂಡಿ ನಮ್ಮ ಬೆರಳ ತುದಿಯಲ್ಲೇ ಇದೆಯಲ್ಲ.

ನಾನು ಈಗ ಪಾಲಿಸುವ ನಿಯಮ ತುಂಬ ಸಣ್ಣದು. ಹಳೇ ಕಾಲದ ವೈಭವದ ಚಿತ್ರ ಯಾವುದೇ ಇರಲಿ, ಅಮೆರಿಕದ್ದಾಗಲಿ ನಮ್ಮದೇ ಅರಮನೆಯದಾಗಲಿ, ಮನಸಾರೆ ನೋಡ್ತೀನಿ, ಅಳು ಬಂದರೆ ಅಳ್ತೀನಿ. ಜೊತೆಗೆ ಪ್ರತಿ ದೃಶ್ಯದಲ್ಲಿ ತಟ್ಟೆ ಹಿಡಿದು ನಿಂತವರ ಕಡೆ ಒಮ್ಮೆ ಕಣ್ಣು ಹಾಯಿಸ್ತೀನಿ. ಅವರಿಗೆ ಹೆಸರಿದೆಯಾ? ಕೆಲಸ ಮುಗಿದ ಮೇಲೆ ಅವರು ಎಲ್ಲಿಗೆ ಹೋಗ್ತಾರೆ? ಈ ವೈಭವ ಕುಸಿದಾಗ ನಿಜಕ್ಕೂ ಅವರಿಗೆ ದುಃಖ ಆಗಿತ್ತಾ? ನೀವೂ ಈ ವಾರಾಂತ್ಯ ಕೇಳಿ ನೋಡಿ. ಉತ್ತರ ಸಿಗದ ಚಿತ್ರಗಳೇ ಹೆಚ್ಚು. ಅಲ್ಲಿ ಏನು ಬಿಟ್ಟುಹೋಗಿದೆ ಅನ್ನೋದಾದರೂ ಗೊತ್ತಾಗುತ್ತೆ.