ಇಂದಿನ ಧಮ್ಮಚಿಂತನೆ: ಈ ಹಿಟ್ಟು ನಾದಿದ ಕೈ ಯಾರದು?



ಬಂಧುಗಳೇ, ಭಾನುವಾರ ಮೊಮ್ಮಕ್ಕಳು ಮನೆಯಲ್ಲಿದ್ದರೆ ಅವರ ಜೊತೆ ಕೂತು ಬ್ರೆಡ್ ಮಾಡಿ ನೋಡಿ. ಓವನ್ ಬೇಕಿಲ್ಲ. ಕಾಲು ಕೆಜಿ ಮೈದಾ, ಒಂದು ಟೀ ಚಮಚ ಯೀಸ್ಟ್, ಒಂದು ಚಮಚ ಸಕ್ಕರೆ, ಮುಕ್ಕಾಲು ಚಮಚ ಉಪ್ಪು, ಸುಮಾರು 150 ಮಿಲಿ ಉಗುರುಬೆಚ್ಚಗಿನ ನೀರು ಸಾಕು. ಹತ್ತು ನಿಮಿಷ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿಡಿ. ಒಂದು, ಒಂದೂವರೆ ಗಂಟೆಯಲ್ಲಿ ಹಿಟ್ಟು ಎರಡರಷ್ಟಾಗುತ್ತದೆ. ಎಣ್ಣೆ ಸವರಿದ ಪಾತ್ರೆಗೆ ಹಾಕಿ ಇನ್ನರ್ಧ ಗಂಟೆ ಬಿಡಿ. ಕುಕ್ಕರಿನ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆದು, ತಳಕ್ಕೆ ಉಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು, ಸಣ್ಣ ಉರಿಯಲ್ಲಿ ಸುಮಾರು ಮುಕ್ಕಾಲು ಗಂಟೆ ಬೇಯಿಸಿ.

ನಮ್ಮ ಕಡೆ ಬೇಕರಿಗಳಿಗೇನೂ ಬರವಿಲ್ಲ. 1809ರಲ್ಲಿ ದಂಡು ಬಂತು, ಸಿಪಾಯಿಗಳ ಜೊತೆ ಬ್ರೆಡ್ಡೂ ಬಂತು. ಫ್ರೇಜರ್ ಟೌನಿನ ಆಲ್ಬರ್ಟ್ ಬೇಕರಿ 1902ರಿಂದ ನಡೆಯುತ್ತಿದೆ. ಹಾಗಿದ್ದರೂ ಮನೆಯಲ್ಲಿ ಮಾಡಿ ಎನ್ನುವುದು ಏಕೆಂದರೆ, ಹಿಟ್ಟು ಉಬ್ಬುವವರೆಗೆ ಮಕ್ಕಳು ನಮ್ಮ ಪಕ್ಕದಲ್ಲೇ ಇರುತ್ತಾರೆ. "ಅಜ್ಜಿ, ಆಯ್ತಾ?" "ತಾತ, ಇನ್ನೂ ಎಷ್ಟು ಹೊತ್ತು?" ಎಂದು ಕೇಳುತ್ತಲೇ ಇರುತ್ತಾರೆ. ಆ ಹೊತ್ತಿನಲ್ಲಿ ಅವರಿಗೆ ಏನು ಹೇಳಬೇಕು?

ನಮ್ಮಲ್ಲಿ ಅನೇಕರು ಹಿಂದಿನ ಅವಮಾನದ ಕಥೆಗಳನ್ನು ಮೊಮ್ಮಕ್ಕಳಿಂದ ಮುಚ್ಚಿಡುತ್ತಾರೆ. ಪಾಪ, ಕಾನ್ವೆಂಟಿಗೆ ಹೋಗುವ ಮಕ್ಕಳು, ಯಾಕೆ ಅವರ ಮನಸ್ಸು ನೋಯಿಸಬೇಕು ಎನ್ನುತ್ತಾರೆ. ಇನ್ನು ಕೆಲವರು ಸಿಟ್ಟನ್ನಷ್ಟೇ ಕಲಿಸುತ್ತಾರೆ. ಎರಡೂ ಸಾಲದು.

ಬಾಬಾಸಾಹೇಬರು ಇದಕ್ಕೊಂದು ದಾರಿ ತೋರಿಸಿದ್ದಾರೆ. 'ವೆಯ್ಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಅವರು 1901ರ ಒಂದು ಪ್ರಯಾಣದ ಬಗ್ಗೆ ಬರೆಯುತ್ತಾರೆ. ಮನೆಯ ಹುಡುಗರೆಲ್ಲ ಸೇರಿ ತಂದೆಯನ್ನು ನೋಡಲು ಗೋರೆಗಾಂವಿಗೆ ಹೊರಟಿದ್ದರು. ಬುತ್ತಿಯ ತುಂಬ ಊಟವಿತ್ತು, ಹೊಟ್ಟೆಯಲ್ಲಿ ಹಸಿವಿತ್ತು. ಅಸ್ಪೃಶ್ಯರೆಂದು ಯಾರೂ ನೀರು ಕೊಡಲಿಲ್ಲ. ಊಟ ಪಕ್ಕದಲ್ಲಿದ್ದೂ ಮಕ್ಕಳು ಉಪವಾಸ ಮಲಗಿದರು. ಬಾಬಾಸಾಹೇಬರು ಇದನ್ನು ಬೈಗುಳವಿಲ್ಲದೆ, ನಡೆದದ್ದನ್ನು ನಡೆದಂತೆ ಬರೆದರು. ಅದೇ ಹುಡುಗ ಬೆಳೆದು 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರು ಕುಡಿದರು.

ಮಗು ಒಣ ಹಿಟ್ಟಿಗೆ ಕೈ ಹಾಕಿದಾಗ ಈ ಕಥೆ ಹೇಳಿ. ನೀರಿಲ್ಲದಿದ್ದರೆ ಹಿಟ್ಟು ಬರೀ ಧೂಳು ಎಂದು ಅದರ ಬೆರಳಿಗೇ ಗೊತ್ತಾಗುತ್ತದೆ. ಆಮೇಲೆ ನೀರು ಹಾಕಲು ಮಗುವಿಗೇ ಹೇಳಿ.

ಇನ್ನೊಂದು ಮಾತು. ಶಿವಾಜಿನಗರದಲ್ಲೋ ಹಲಸೂರಿನಲ್ಲೋ ಬನ್ನು ಕೊಳ್ಳುವಾಗ ಹಿಟ್ಟು ನಾದಿದವರ ಜಾತಿ ಯಾವುದೆಂದು ಯಾರೂ ಕೇಳುವುದಿಲ್ಲ. ಪಕ್ಕದ ಮನೆಯಿಂದ ಪ್ರೀತಿಯಿಂದ ಒಂದು ತಟ್ಟೆ ಬಂದರೆ ಮಾತ್ರ ಅದೇ ಜನ ವಿಚಾರಿಸುತ್ತಾರೆ. ದುಡ್ಡು ಕೊಟ್ಟು ತಂದದ್ದಕ್ಕೆ ಮೈಲಿಗೆ ಇಲ್ಲ, ಪ್ರೀತಿಯಿಂದ ಕೊಟ್ಟದ್ದಕ್ಕೆ ಇದೆ! ಹಾಗಾದರೆ ಮೈಲಿಗೆ ಊಟದಲ್ಲಿ ಇಲ್ಲವೇ ಇಲ್ಲ. ಕೊಟ್ಟವರನ್ನು ಸಮಾನರೆಂದು ಒಪ್ಪಲಾರದ ಮನಸ್ಸಿನಲ್ಲಿದೆ. ಸುತ್ತನಿಪಾತದ ಆಮಗಂಧ ಸುತ್ತವೂ ಇದನ್ನೇ ತಿಳಿಸುತ್ತದೆ. ದುರ್ನಾತ ಇರುವುದು ತಿನ್ನುವ ಪದಾರ್ಥದಲ್ಲಲ್ಲ. ಕೊಲ್ಲುವುದು, ಕದಿಯುವುದು, ಸುಳ್ಳು ಹೇಳುವುದು, ವಂಚಿಸುವುದು, ಇವೇ ದುರ್ನಾತ.

ಈಗ ನಮ್ಮನ್ನೇ ಕೇಳಿಕೊಳ್ಳೋಣ. ಕಟ್ಟೆಯ ಮೇಲಿನವರು ನಮ್ಮ ಕೈ ಊಟ ಉಣ್ಣಲಿಲ್ಲ ಎಂದು ನೋಯುವ ನಾವು, ನಮ್ಮೊಳಗಿನ ಎಡ-ಬಲ ಮರೆತಿದ್ದೇವೆಯೇ? ವಿಹಾರದಲ್ಲಿ ಒಟ್ಟಿಗೆ ತ್ರಿಶರಣ ಹೇಳಿ, ಮನೆಗೆ ಬಂದು ಸಂಬಂಧ ನೋಡುವಾಗ "ಅವರು ಯಾವ ಕಡೆಯವರು?" ಎಂದು ಮೆಲ್ಲಗೆ ವಿಚಾರಿಸುವುದಿಲ್ಲವೇ? ಬೀದಿ ಗುಡಿಸುವವರಿಗೆ ತಿಂಡಿ ಕೊಡುವಾಗ ಬೇರೆ ತಟ್ಟೆ ಹುಡುಕುವುದಿಲ್ಲವೇ? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸಮಾನತೆಯೂ ಒಂದು. ಎಲ್ಲರೂ ಸಮಾನರು ಎಂದಾಗ ನಮಗಿಂತ ಕೆಳಗಿನವರೆಂದು ನಾವು ಗುಟ್ಟಾಗಿ ಎಣಿಸಿದವರೂ ಅದರಲ್ಲಿದ್ದಾರೆ.

ಮಕ್ಕಳು ನಮ್ಮ ಉಪದೇಶವನ್ನು ಅಷ್ಟಾಗಿ ಕೇಳಿಸಿಕೊಳ್ಳುವುದಿಲ್ಲ. ಬ್ರೆಡ್ ಕತ್ತರಿಸಿದ ಮೇಲೆ ತಾತ, ಅಜ್ಜಿ ಅದನ್ನು ಯಾರ ಮನೆಗೆ ಕೊಟ್ಟು ಕಳಿಸುತ್ತಾರೆ, ಯಾರ ಮನೆಯಿಂದ ಬಂದದ್ದನ್ನು ಬಾಯಿಗಿಡುತ್ತಾರೆ ಎಂಬುದನ್ನು ಮಾತ್ರ ಕಣ್ಣರಳಿಸಿ ನೋಡುತ್ತಾರೆ. ಅವರಿಗೆ ಅದೇ ಧಮ್ಮದ ಮೊದಲ ಪಾಠ.

*ಇಂದಿನ ಅಭ್ಯಾಸ:* ಇದುವರೆಗೆ ನಾವು ಊಟ ಮಾಡದ ಒಂದು ಮನೆಗೆ ಮೊಮ್ಮಕ್ಕಳ ಕೈ ಹಿಡಿದು ಹೋಗೋಣ. ಕೊಟ್ಟು ಬಂದರೆ ಸಾಲದು, ಅವರು ಕೊಟ್ಟದ್ದನ್ನು ಅಲ್ಲೇ ಕೂತು ತಿಂದು ಬರೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.